ಯಾರ ಎತ್ತರದಲ್ಲಿ ನಿಂತು ನೋಡಬೇಕು

ಪತ್ರಿಕೋದ್ಯಮ ಓದುವ ಮಕ್ಕಳಿಗೆ ವೃತ್ತಿಧರ್ಮದ ಪಾಠ ಶುರುಮಾಡುವಾಗ ನಾನು ಅವರನ್ನು ಮೊದಲು ಕರೆದುಕೊಂಡು ಹೋಗುವುದು ಹೈದರಾಬಾದಿನ ಕೋಠಿಗೆ. ಹಳೆಯ ಪುಸ್ತಕ ಮಾರುವವರ ಸಾಲು ದಾಟಿ ಈಗ ವಿಶ್ವವಿದ್ಯಾಲಯವಾಗಿರುವ ಮಹಿಳಾ ಕಾಲೇಜಿನ ಹತ್ತಿರ ನಿಲ್ಲುತ್ತೇವೆ. ಒಳಗಿರುವ ಎತ್ತರದ ಕಂಬಗಳ ಕಟ್ಟಡ ಒಂದು ಕಾಲಕ್ಕೆ ಬ್ರಿಟಿಷ್ ರೆಸಿಡೆನ್ಸಿ. ಈಗಿನ ಸುಲ್ತಾನ್ ಬಜಾರ್ ಸೇರಿ ಸುತ್ತಲ ಪ್ರದೇಶಕ್ಕೆ ಆಗ ರೆಸಿಡೆನ್ಸಿ ಬಜಾರ್ ಎಂದು ಹೆಸರು. ಊರು ನಿಜಾಮರದಾದರೂ ಇಷ್ಟು ಜಾಗದಲ್ಲಿ ನಡೆಯುತ್ತಿದ್ದುದು ಬ್ರಿಟಿಷರ ಕಾಯ್ದೆ, ಬ್ರಿಟಿಷರ ಕೋರ್ಟು.

1892ರ ಏಪ್ರಿಲ್‌ನಲ್ಲಿ ಈ ಊರಿನ ದೊಡ್ಡವರ ಮನೆಗಳಲ್ಲಿ ಇಂಗ್ಲಿಷಿನ ಒಂದು ಕಿರುಹೊತ್ತಗೆ ಕೈಯಿಂದ ಕೈಗೆ ದಾಟಿತು. ಬರೆದವರ ಹೆಸರಿರಲಿಲ್ಲ. ಹೈದರಾಬಾದಿನ ಸ್ತ್ರೀಯರಲ್ಲಿ ಒಂದು ವಿನಂತಿ ಎಂಬ ಧಾಟಿಯಲ್ಲಿದ್ದ ಅದು, ನಿಜಾಮರ ಸರ್ಕಾರದ ಹಿರಿಯ ಅಧಿಕಾರಿ ಮೆಹದಿ ಹಸನ್ ಮತ್ತು ಅವರ ಹೆಂಡತಿ ಎಲೆನ್ ಡಾನೆಲಿ ಅವರ ಮದುವೆಯೇ ಸುಳ್ಳು, ಎಲೆನ್ ಮೊದಲು ಸೂಳೆಗಾರಿಕೆ ಮಾಡಿಕೊಂಡಿದ್ದವಳು ಎಂದು ದೂರಿತು. ಗಂಡ ತನ್ನ ಬಡ್ತಿಗಾಗಿ ಹೆಂಡತಿಯನ್ನು ಬಳಸಿಕೊಂಡ ಎಂದೂ ಹೇಳಿತು. ಲಂಡನ್ನಿಗೆ ಹೋಗಿ ವಿಕ್ಟೋರಿಯಾ ರಾಣಿಯನ್ನು ಕಂಡು ಬಂದಿದ್ದ ದಂಪತಿ ಅವರು. ಮೆಹದಿ ಹಸನ್ ಸುಮ್ಮನೆ ಕೂರಲಿಲ್ಲ. ಹೊತ್ತಗೆಯನ್ನು ಅಚ್ಚುಮಾಡಿದವರು ಎಸ್.ಎಂ. ಮಿತ್ರ ಎಂಬ ಬಂಗಾಳಿ ಎಂದು ಆರೋಪಿಸಿ ರೆಸಿಡೆನ್ಸಿ ಕೋರ್ಟಿಗೆ ಹೋದರು. ವಿಚಾರಣೆ ತಿಂಗಳುಗಟ್ಟಲೆ ಎಳೆಯಿತು. ಪ್ರತಿ ಸಾಕ್ಷಿಯ ಪ್ರತಿ ಮಾತೂ ಕಲ್ಕತ್ತೆಯಿಂದ ಲಂಡನ್ನಿನವರೆಗೆ ಸುದ್ದಿಯಾಯಿತು. 1893ರಲ್ಲಿ ಮಿತ್ರ ಖುಲಾಸೆಯಾದರು. ಮೆಹದಿ ಹಸನ್ ಹುದ್ದೆ ಕಳೆದುಕೊಂಡರು. ಹೊತ್ತಗೆ ಬರೆದವರು ಯಾರೆಂಬುದು ಆ ಕೋರ್ಟಿನಲ್ಲಿ ಸಾಬೀತಾಗಲಿಲ್ಲ.

ಮಕ್ಕಳನ್ನು ಅಲ್ಲಿಯೇ ಕೇಳುತ್ತೇನೆ: ಈ ಪ್ರಕರಣದಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರು ಯಾರು? ಗಂಡನಿಗೆ ವಕೀಲರಿದ್ದರು, ಅಚ್ಚು ಹಾಕಿದವರೆಂದು ಆರೋಪ ಹೊತ್ತವರಿಗೆ ವಕೀಲರಿದ್ದರು, ಹೆಸರಿಲ್ಲದ ಬರಹಗಾರನಿಗೆ ಕತ್ತಲೆಯ ಆಸರೆ ಇತ್ತು. ಎಲೆನ್‌ಗೆ ಇದ್ದದ್ದು ಊರಿನವರ ಬಾಯಿ ಮಾತ್ರ. ಅವಳ ಹಳೆಯ ಬದುಕಿನ ಬಗ್ಗೆ ಯಾರೋ ಯಾವತ್ತೋ ನೋಡಿದ್ದೆವೆಂದು ಹೇಳಿದ್ದು ಪತ್ರಿಕೆಗಳಿಗೆ ಅಂಕಣದ ಮೇಲೆ ಅಂಕಣ ತುಂಬಿಸಿತು. ಕೋರ್ಟಿನಲ್ಲಿ ಹೇಳಿದ್ದನ್ನು ಛಾಪಿಸಿದೆವು, ನಮ್ಮದೇನೂ ತಪ್ಪಿಲ್ಲ ಎನ್ನುವ ಸಮಜಾಯಿಷಿ ಆಗಲೂ ಇತ್ತು, ಈಗಲೂ ಇದೆ. ಕಾಯ್ದೆಯ ಮಟ್ಟಿಗೆ ಅದು ಸರಿಯಿರಬಹುದು. ಆದರೆ ಒಬ್ಬ ಹೆಂಗಸಿನ ಬದುಕನ್ನು ಬೀದಿಗೆ ಹಾಕುವ ಮುನ್ನ ಇದರಿಂದ ಓದುಗನಿಗೆ ಏನು ತಿಳಿಯಬೇಕಾಗಿದೆ ಎಂದು ಕೇಳಿಕೊಳ್ಳುವ ಹೊಣೆ ಕಾಯ್ದೆಯ ಆಚೆಗಿನದು. ಪಠ್ಯದಲ್ಲಿ ಖಾಸಗಿತನ, ಮಾನಹಾನಿ ಎಂದು ಎರಡು ಅಧ್ಯಾಯಗಳಿವೆ. ಕೋಠಿಯಲ್ಲಿ ನಿಂತು ಎಲೆನ್ ಕಥೆ ಕೇಳಿದ ಮೇಲೆ ಮಕ್ಕಳು ಅವನ್ನು ಓದುವ ರೀತಿಯೇ ಬೇರೆಯಾಗುತ್ತದೆ. ಹಾಗಾಗಿಯೇ ನಾನು ಈ ವಿಷಯವನ್ನು ಊರಿನ ಇತಿಹಾಸವಾಗಿ ಕಲಿಸುತ್ತೇನೆ. ನಿಯಮ ಯಾರ ನೋವಿನಿಂದ ಹುಟ್ಟಿತೆಂದು ಗೊತ್ತಿದ್ದವರು ಅದನ್ನು ಮುರಿಯುವ ಮೊದಲು ಒಂದು ಗಳಿಗೆ ತಡೆಯುತ್ತಾರೆ ಎಂಬುದು ನನ್ನ ನಂಬಿಕೆ.

ಕೋಠಿಯಿಂದ ಕಾಚಿಗುಡಕ್ಕೆ ನಡೆದೇ ಹೋಗಬಹುದು. ಹೈದರಾಬಾದಿನ ಕನ್ನಡಿಗರಿಗೆ ಕಾಚಿಗುಡ ಎಂದರೆ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ. ರಾಜ್ಯೋತ್ಸವ, ನಾಟಕ, ಊರಿನಿಂದ ಬಂದವರ ಭೇಟಿ. ಪತ್ರಕರ್ತರಿಗೆ ಅದು ಶೋಯೆಬುಲ್ಲಾ ಖಾನರ ಕಾಚಿಗುಡ.

ಶೋಯೆಬುಲ್ಲಾ ಉಸ್ಮಾನಿಯಾದ ಪದವೀಧರ. ‘ತೇಜ್’, ಆಮೇಲೆ ಮಂದುಮುಲ ನರಸಿಂಗರಾಯರ ‘ರಯ್ಯತ್’ ಪತ್ರಿಕೆಗಳಲ್ಲಿ ಕೆಲಸ ಮಾಡಿದರು. ಸರ್ಕಾರ ಅವುಗಳ ಬಾಯಿ ಮುಚ್ಚಿಸಿದ ಮೇಲೆ ಕಾಂಗ್ರೆಸ್ ಮುಖಂಡ ಬೂರ್ಗುಲ ರಾಮಕೃಷ್ಣರಾಯರ ಬೆಂಬಲದಿಂದ 1947ರ ನವೆಂಬರ್‌ನಲ್ಲಿ ‘ಇಮ್ರೋಜ್’ ಎಂಬ ಉರ್ದು ದಿನಪತ್ರಿಕೆ ತೆಗೆದರು. ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಬೇಕು ಎಂದು ಬರೆದರು. ನಿಜಾಮರ ಪರ ಆಯುಧ ಹಿಡಿದ ರಜಾಕಾರರ ದೌರ್ಜನ್ಯಗಳನ್ನು ಬರೆದರು. ವಿಲೀನಕ್ಕೆ ಒಪ್ಪಬೇಕೆಂದು ಏಳು ಮಂದಿ ಮುಸ್ಲಿಂ ಗಣ್ಯರು ಕೊಟ್ಟ ಹೇಳಿಕೆಯನ್ನು ಛಾಪಿಸಿದರು. ಇಂಥ ಕೈಗಳನ್ನು ಕತ್ತರಿಸಬೇಕು ಎಂದು ರಜಾಕಾರರ ಮುಖಂಡ ಕಾಸಿಂ ರಜ್ವಿ ಬಹಿರಂಗ ಸಭೆಯಲ್ಲಿ ಗುಡುಗಿದ. ಕೆಲವೇ ದಿನಗಳಲ್ಲಿ, 1948ರ ಆಗಸ್ಟ್ 21ರ ನಡುರಾತ್ರಿ ಕಳೆದ ಮೇಲೆ, ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಶೋಯೆಬುಲ್ಲಾ ಅವರಿಗೆ ಕಾಚಿಗುಡದ ಲಿಂಗಂಪಲ್ಲಿ ಚೌರಸ್ತಾದ ಬಳಿ ಗುಂಡು ಹಾರಿಸಿದರು. ಬರೆಯುವ ಕೈಯನ್ನು ಕಡಿದರು. ಜೊತೆಗಿದ್ದ ಭಾಮೈದ ಇಸ್ಮಾಯಿಲ್ ಖಾನರ ಮೇಲೂ ಏಟು ಬಿತ್ತು. ಶೋಯೆಬುಲ್ಲಾ ಅವರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಒಂದು ತಿಂಗಳು ತುಂಬುವುದರೊಳಗೆ, ಸೆಪ್ಟೆಂಬರ್ 17ಕ್ಕೆ, ನಿಜಾಮರ ಸರ್ಕಾರ ಭಾರತದ ಸೇನೆಗೆ ಶರಣಾಯಿತು.

ತರಗತಿಯಲ್ಲಿ ಈ ಕಥೆ ಹೇಳಿದಾಗಲೆಲ್ಲ ಯಾರಾದರೊಬ್ಬರು ಎದ್ದು ಕೇಳುತ್ತಾರೆ: “ಸರ್, ಅವರು ಒಂದು ಪಕ್ಷ ಹಿಡಿದಿದ್ದರು, ಕಾಂಗ್ರೆಸ್ಸಿನ ಬೆಂಬಲ ಇತ್ತು. ಪತ್ರಕರ್ತ ನಿಷ್ಪಕ್ಷಪಾತಿ ಆಗಿರಬೇಕು ಅಂತ ನೀವೇ ಹೇಳಿದ್ರಲ್ಲ?” ಒಳ್ಳೆಯ ಪ್ರಶ್ನೆ. ಕೋಠಿಯ ಹೊತ್ತಗೆಯನ್ನೂ ಕಾಚಿಗುಡದ ಪತ್ರಿಕೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ ಎನ್ನುತ್ತೇನೆ. ಒಂದು ಹೆಸರಿಲ್ಲದೆ ಬಂದು, ತಿರುಗಿ ಮಾತಾಡಲಾಗದ ಒಬ್ಬ ಹೆಂಗಸನ್ನು ಹೊಡೆಯಿತು. ಇನ್ನೊಂದು ಸಂಪಾದಕನ ಹೆಸರು ಹೊತ್ತು ದಿನಾ ಹೊರಬಂದು, ಕೋವಿ ಹಿಡಿದವರಿಗೆ ಎದುರಾಯಿತು. ಶೋಯೆಬುಲ್ಲಾ ತಮ್ಮ ನಿಲುವನ್ನು ಮುಚ್ಚಿಡಲಿಲ್ಲ. ಓದುಗನಿಗೆ ಅದು ಗೊತ್ತಿತ್ತು. ಅವರು ಟೀಕಿಸಿದ್ದು ತಮ್ಮದೇ ಧರ್ಮದ ಹೆಸರು ಹೇಳಿಕೊಂಡು ಬಂದೂಕು ಹಿಡಿದವರನ್ನು. ನಿಲುವು ಇರುವುದು ದೋಷವಲ್ಲ. ನಿಲುವಿಗಾಗಿ ಸತ್ಯವನ್ನು ತಿರುಚುವುದು, ನಿಲುವನ್ನು ಸುದ್ದಿಯೆಂದು ಮಾರುವುದು ದೋಷ.

ಇಲ್ಲಿ ನಾನು ನಮ್ಮ ಊರ ಕಡೆಯ ಮಾತನ್ನೂ ಹೇಳಬೇಕಾಗುತ್ತದೆ. ನಾನು ಬೀದರ ಜಿಲ್ಲೆಯವನು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡದ ಕಥೆ ಕೇಳಿಯೇ ನಮ್ಮ ಕಡೆಯ ಮಕ್ಕಳು ಬೆಳೆದದ್ದು. ಅದೇ ಜಿಲ್ಲೆಯಲ್ಲಿ ಸೆಪ್ಟೆಂಬರ್‌ನ ಸೇನಾ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯ ಕಥೆಯನ್ನು ಹೇಳುವವರು ಕಡಿಮೆ. ಅದನ್ನು ತಿಳಿಯಲು ನೆಹರೂ ಸರ್ಕಾರ ಪಂಡಿತ ಸುಂದರಲಾಲ್ ಮುಂದಾಳತ್ವದಲ್ಲಿ ಒಂದು ತಂಡ ಕಳಿಸಿತು. ತಂಡದಲ್ಲಿದ್ದವರಲ್ಲಿ ಖಾಜಿ ಅಬ್ದುಲ್ ಗಫಾರ್ ಒಬ್ಬರು; ಹೈದರಾಬಾದಿನಲ್ಲಿ ‘ಪಯಾಮ್’ ಎಂಬ ಉರ್ದು ಪತ್ರಿಕೆ ನಡೆಸಿದ್ದ ಸಂಪಾದಕರು ಅವರು. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಹೆಚ್ಚು ಸಾವಾಗಿದೆ, ಒಟ್ಟು ಸತ್ತವರು 27,000ದಿಂದ 40,000 ಇರಬಹುದು ಎಂದು ಆ ತಂಡ ಅಂದಾಜಿಸಿತು. ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ದಶಕಗಳ ಕಾಲ ಅದು ಕಡತದಲ್ಲೇ ಉಳಿಯಿತು. ಗೋರ್ಟಾದಲ್ಲಿ ಸತ್ತವರಿಗಾಗಿ ಕಣ್ಣೀರು ಹಾಕುವ ಪತ್ರಕರ್ತ ಅದೇ ವರ್ಷದ ಕೊನೆಯಲ್ಲಿ ಸತ್ತವರನ್ನೂ ಎಣಿಸಬೇಕು. ನಮ್ಮ ಭಾಗದ ಮಕ್ಕಳಿಗೆ ಇದನ್ನು ಹೇಳುವಾಗ ತರಗತಿ ಬಿಗಿಯಾಗುತ್ತದೆ. ಆದರೂ ಹೇಳುತ್ತೇನೆ. ತನ್ನ ಊರಿನ ಇತಿಹಾಸದ ಅರ್ಧವನ್ನೇ ಓದಿಕೊಂಡ ವರದಿಗಾರ ಗಲಭೆಯ ದಿನ ಅರ್ಧ ಸುದ್ದಿಯನ್ನೇ ತರುತ್ತಾನೆ.

ಇದೆಲ್ಲ ಆದದ್ದು ಹೈದರಾಬಾದಿನಲ್ಲಿ ಪತ್ರಿಕೋದ್ಯಮ ಒಂದು ಕಾಲೇಜು ವಿಷಯವಾಗುವ ಮೊದಲು. ದೇಶದಲ್ಲಿಯೇ ಅದು ಹೊಸ ವಿಷಯ. 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಪಿ.ಪಿ. ಸಿಂಗ್ ಒಂದು ವಿಭಾಗ ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ ಮದ್ರಾಸು, ಕಲ್ಕತ್ತೆಗಳಲ್ಲಿ ಶುರುವಾಯಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮದ ಪಾಠ ಆರಂಭಿಸಿದರು. ಕನ್ನಡದಲ್ಲಂತೂ ಈ ಚಿಂತನೆಗೆ ಹಿಂದಿನ ನೆಲಗಟ್ಟಿತ್ತು. 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಪತ್ರಕರ್ತರ ಸಮ್ಮೇಳನಕ್ಕೆ ಡಿ.ವಿ. ಗುಂಡಪ್ಪನವರು ಅಧ್ಯಕ್ಷರಾಗಿದ್ದರು, ‘ವೃತ್ತಪತ್ರಿಕೆ’ ಎಂಬ ಪುಸ್ತಕವನ್ನೇ ಬರೆದರು.

ಉಸ್ಮಾನಿಯಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗ ಹುಟ್ಟಿದ್ದು 1954ರಲ್ಲಿ. ಅದನ್ನು ಕಟ್ಟಲು ಬಂದವರು ಅಮೆರಿಕದ ಡಿ ಫಾರೆಸ್ಟ್ ಓಡೆಲ್. ಅಮೆರಿಕದಲ್ಲಿ ಪತ್ರಿಕೋದ್ಯಮ ಶಿಕ್ಷಣ ಬೆಳೆದ ಇತಿಹಾಸವನ್ನು 1935ರಲ್ಲಿಯೇ ಪುಸ್ತಕವಾಗಿ ಬರೆದಿದ್ದ ವಿದ್ವಾಂಸರು. ಅದೇ 1954ರಲ್ಲಿ ನ್ಯಾಯಮೂರ್ತಿ ರಾಜಾಧ್ಯಕ್ಷರ ಮೊದಲ ಪತ್ರಿಕಾ ಆಯೋಗ ತನ್ನ ವರದಿ ಕೊಟ್ಟಿತು. ಪತ್ರಿಕೆಗಳ ನಡತೆಯನ್ನು ಪತ್ರಿಕೆಯವರೇ ಇರುವ ಒಂದು ಮಂಡಳಿ ನೋಡಿಕೊಳ್ಳಬೇಕೆಂದು ಆಯೋಗ ಹೇಳಿತು. ಆ ಮಂಡಳಿ ಬರಲು 1966ರವರೆಗೆ ಕಾಯಬೇಕಾಯಿತು. ತುರ್ತು ಪರಿಸ್ಥಿತಿಯಲ್ಲಿ ಅದನ್ನು ಎತ್ತಿಬಿಟ್ಟರು, 1978ರ ಹೊಸ ಕಾಯ್ದೆಯಿಂದ ಮತ್ತೆ ಕಟ್ಟಿದರು. ಈ ಭಾರತೀಯ ಪತ್ರಿಕಾ ಮಂಡಳಿಯ ನಡವಳಿಕೆ ಸೂತ್ರಗಳೇ ಇವತ್ತು ಎಲ್ಲ ಕಾಲೇಜುಗಳ ವೃತ್ತಿಧರ್ಮ ಪಠ್ಯದ ಬೆನ್ನೆಲುಬು. ಒಬ್ಬನ ಹೆಸರು ಕೆಡಿಸಬಹುದಾದ ಸುದ್ದಿಯನ್ನು ಅವನನ್ನು ಕೇಳದೆ ಹಾಕಬಾರದು. ತಪ್ಪಾದರೆ ಎದ್ದು ಕಾಣುವಂತೆ ತಿದ್ದುಪಡಿ ಹಾಕಬೇಕು. ಸುದ್ದಿಯ ಮೂಲವನ್ನು ಕಾಪಾಡಬೇಕು. ಮೂಲ ಹೇಳು ಎಂದು ಪತ್ರಕರ್ತನನ್ನು ಬಲವಂತಪಡಿಸುವ ಅಧಿಕಾರ ಮಂಡಳಿಗೂ ಇಲ್ಲ. ಸೂತ್ರ ಮೀರಿದವರಿಗೆ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ಅಷ್ಟೇ. ದಂಡ ಹಾಕುವ ಕೈ ಅದಕ್ಕಿಲ್ಲ. ಟಿ.ವಿ. ಅದರ ವ್ಯಾಪ್ತಿಗೇ ಬರುವುದಿಲ್ಲ.

ನಾನು ಈ ಊರಿಗೆ ಬಂದದ್ದು ಟಿ.ವಿ.ಯ ಕೆಲಸಕ್ಕೇ. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಶುರುವಾದಾಗ ಅದರ ಸುದ್ದಿಯೂ ತಯಾರಾಗುತ್ತಿದ್ದುದು ಹೈದರಾಬಾದಿನ ಹೊರವಲಯದ ರಾಮೋಜಿ ಫಿಲ್ಮ್ ಸಿಟಿಯಲ್ಲಿ. ಕರ್ನಾಟಕದ ನಾನಾ ಜಿಲ್ಲೆಗಳ ಹುಡುಗ ಹುಡುಗಿಯರು ದಿಲ್‌ಸುಖ್ ನಗರ, ವನಸ್ಥಲಿಪುರಂ, ಹಯಾತ್ ನಗರದ ಬಾಡಿಗೆ ಮನೆಗಳಲ್ಲಿ ಸಂಸಾರ ಹೂಡಿದರು. ಮಂಡ್ಯದ ಮಾತು, ಧಾರವಾಡದ ಮಾತು, ಕುಂದಾಪುರದ ಮಾತು ಒಂದೇ ಬಸ್ಸಿನಲ್ಲಿ ಕೇಳುತ್ತಿತ್ತು. ನಾವು ಬರೆಯುತ್ತಿದ್ದುದು ನೂರಾರು ಕಿಲೋಮೀಟರ್ ಆಚೆಯ ಊರಿನ ಸುದ್ದಿ. ಹಾವೇರಿಯಲ್ಲಿ ರೈತನೊಬ್ಬ ವಿಷ ಕುಡಿದ ಸುದ್ದಿಗೆ ನಮ್ಮ ಕೈಗೆ ಬರುತ್ತಿದ್ದುದು ಕೆಲವು ನಿಮಿಷದ ದೃಶ್ಯ, ವರದಿಗಾರ ಫೋನಿನಲ್ಲಿ ಹೇಳಿದ ನಾಲ್ಕು ಸಾಲು. ದೃಶ್ಯದಲ್ಲಿ ಅಳುವ ಹೆಂಡತಿಯ ಮುಖ ಎಷ್ಟು ಹೊತ್ತು ಇರಬೇಕು? ಮಕ್ಕಳ ಮುಖ ತೋರಿಸಬೇಕೆ? ಸಾಲದ ಮೊತ್ತ ಯಾರು ಹೇಳಿದ್ದು? ಮುಂದಿನ ಬುಲೆಟಿನ್ನಿಗೆ ಉಳಿದಿರುವ ಸಮಯದಲ್ಲಿ ಇವನ್ನೆಲ್ಲ ತೀರ್ಮಾನಿಸಬೇಕು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಇಂಥ ಸುದ್ದಿ ಬಂದಾಗ ಸ್ಕ್ರಿಪ್ಟ್ ಮುಟ್ಟುವ ಮೊದಲು ವರದಿಗಾರನಿಗೆ ಮತ್ತೆ ಫೋನ್ ಹಚ್ಚಿ ಒಂದೇ ಮಾತು ಕೇಳುತ್ತಿದ್ದರು: “ಮನೆಯವರ ಜೊತೆ ನೀನೇ ಮಾತಾಡಿದೆಯಾ, ಯಾರಾದರೂ ಹೇಳಿದ್ದಾ?” ಪಠ್ಯದ ಒಂದು ಇಡೀ ಅಧ್ಯಾಯ ಆ ಪ್ರಶ್ನೆಯಲ್ಲಿದೆ. ನಾನು ಕಲಿಸುವುದಕ್ಕೆ ಬಂದ ಮೇಲೆ ಮೊದಲ ತಿಂಗಳಲ್ಲೇ ಅದನ್ನು ಹೇಳಿಕೊಡುತ್ತೇನೆ.

“ಯಾರಾದರೂ ಹೇಳಿದ್ದಾ” ಎಂಬ ಪ್ರಶ್ನೆಯನ್ನು ಇಡೀ ಊರು ಮರೆತ ಕಾಲವೂ ಬಂತು. 2007ರ ಮೇ 18ರಂದು, ಶುಕ್ರವಾರದ ನಮಾಜಿನ ಹೊತ್ತಿನಲ್ಲಿ ಮಕ್ಕಾ ಮಸೀದಿಯಲ್ಲಿ ಬಾಂಬ್ ಸಿಡಿಯಿತು. ಸ್ಫೋಟದಲ್ಲೂ ಆಮೇಲಿನ ಪೊಲೀಸ್ ಗೋಲಿಬಾರಿನಲ್ಲೂ ಜನ ಸತ್ತರು. ಆಗಸ್ಟ್ 25ಕ್ಕೆ ಲುಂಬಿನಿ ಪಾರ್ಕ್ ಮತ್ತು ಇದೇ ಕೋಠಿಯ ಗೋಕುಲ್ ಚಾಟ್‌ನಲ್ಲಿ ಸ್ಫೋಟವಾಗಿ 42 ಮಂದಿ ಸತ್ತರು. ಹಳೆಯ ನಗರದ ಡಜನುಗಟ್ಟಲೆ ಮುಸ್ಲಿಂ ಹುಡುಗರನ್ನು ಪೊಲೀಸರು ಎತ್ತಿಕೊಂಡು ಹೋದರು. ಪೊಲೀಸರು ಕೊಟ್ಟ ಹೆಸರು, ಪೊಲೀಸರು ಕೊಟ್ಟ ಕಥೆ ಮರುದಿನ ಪತ್ರಿಕೆಗಳಲ್ಲಿ ಸುದ್ದಿಯಾಗಿ ಬಂದವು. ಶಂಕಿತ ಎಂಬ ಪದ ಎಷ್ಟೋ ಕಡೆ ಉಗ್ರ ಎಂದಾಯಿತು. ಆ ಹುಡುಗರ ತಾಯಂದಿರನ್ನು ಕೇಳಿ ಬರೆದ ವರದಿಗಳು ಬಂದವು, ಆದರೆ ಕಡಿಮೆ ಬಂದವು, ತಡವಾಗಿ ಬಂದವು. ಕೋರ್ಟು ಆ ಹುಡುಗರನ್ನು ಬಿಟ್ಟಿತು. ಅವರಿಗೆ ಚಿತ್ರಹಿಂಸೆಯಾಗಿದೆ ಎಂಬ ವರದಿ ಬಂದು ರಾಜ್ಯ ಸರ್ಕಾರವೇ ಪರಿಹಾರ ಕೊಟ್ಟಿತು. ಪರಿಹಾರದ ಆದೇಶವನ್ನು 2013ರಲ್ಲಿ ಹೈಕೋರ್ಟು ರದ್ದುಮಾಡಿತು. ಮಕ್ಕಾ ಮಸೀದಿ ಪ್ರಕರಣದಲ್ಲಿ ಆಮೇಲೆ ಆರೋಪ ಹೊತ್ತ ಬೇರೆಯವರೂ 2018ರ ಏಪ್ರಿಲ್ 16ರಂದು ಖುಲಾಸೆಯಾದರು. ಬಂಧನದ ದಿನ ಮುಖಪುಟದಲ್ಲಿ ಹೆಸರು ಬಂದ ಹುಡುಗನಿಗೆ ಬಿಡುಗಡೆಯ ದಿನ ಒಳಪುಟದಲ್ಲಿ ಎರಡಿಂಚು ಜಾಗ ಸಿಕ್ಕರೆ ಅದು ನ್ಯಾಯವಲ್ಲ. ಆರೋಪಕ್ಕೆ ಕೊಟ್ಟಷ್ಟೇ ಜಾಗವನ್ನು ಖುಲಾಸೆಗೂ ಕೊಡಿ ಎಂದು ನಾನು ಮಕ್ಕಳಿಗೆ ಇಂಚುಪಟ್ಟಿ ಕೊಟ್ಟು ಹಳೆಯ ಪತ್ರಿಕೆಗಳಲ್ಲಿ ಅಳೆಸುತ್ತೇನೆ. ಅಳೆದವರಿಗೆ ಬೇರೆ ಉಪನ್ಯಾಸ ಬೇಕಾಗುವುದಿಲ್ಲ.

ಆ ಸ್ಫೋಟಗಳಾಗಿ ಎರಡು ವರ್ಷಕ್ಕೆ ಇನ್ನೊಂದು ರೋಗ ಬಯಲಾಯಿತು. 2009ರಲ್ಲಿ ಲೋಕಸಭೆಗೂ ಆಂಧ್ರಪ್ರದೇಶ ವಿಧಾನಸಭೆಗೂ ಒಟ್ಟಿಗೆ ಚುನಾವಣೆ. ಅಭ್ಯರ್ಥಿಗಳಿಂದ ದುಡ್ಡು ತೆಗೆದುಕೊಂಡು ಹೊಗಳಿಕೆಯನ್ನು ಸುದ್ದಿಯ ರೂಪದಲ್ಲಿ ಛಾಪಿಸುವ ದಂಧೆಯನ್ನು ಆಂಧ್ರಪ್ರದೇಶ ಕಾರ್ಯನಿರತ ಪತ್ರಕರ್ತರ ಸಂಘವೇ ಎತ್ತಿ ತೋರಿಸಿತು. ಲೋಕಸತ್ತಾ ಪಕ್ಷದ ಒಬ್ಬ ಅಭ್ಯರ್ಥಿ ತಾನು ಸುದ್ದಿಗೆ ಕೊಟ್ಟ ಹಣವನ್ನು ಚುನಾವಣಾ ವೆಚ್ಚದ ಲೆಕ್ಕದಲ್ಲೇ ತೋರಿಸಿದರು. ಪತ್ರಿಕಾ ಮಂಡಳಿ ಪರಂಜಯ್ ಗುಹಾ ಠಾಕುರ್ತಾ ಮತ್ತು ಹೈದರಾಬಾದಿನ ಕೆ. ಶ್ರೀನಿವಾಸ ರೆಡ್ಡಿ ಅವರಿಗೆ ತನಿಖೆ ವಹಿಸಿತು. 71 ಪುಟಗಳ ಅವರ ವರದಿ ಪತ್ರಿಕೆಗಳ ಹೆಸರು ಹಿಡಿದು ಹೇಳಿತ್ತು. ಮಂಡಳಿ 2010ರ ಜುಲೈನಲ್ಲಿ ಹೊರಗೆ ಬಿಟ್ಟದ್ದು ಹೆಸರುಗಳಿಲ್ಲದ ಚಿಕ್ಕ ವರದಿಯನ್ನು. ಪೂರ್ತಿ ವರದಿ ಜನರ ಕೈಗೆ ಬರಲು 2011ರಲ್ಲಿ ಕೇಂದ್ರ ಮಾಹಿತಿ ಆಯೋಗವೇ ಆದೇಶ ಕೊಡಬೇಕಾಯಿತು. ಸುಂದರಲಾಲ್ ವರದಿ ಓದಿಕೊಂಡ ಮಕ್ಕಳು ಇಲ್ಲಿಗೆ ಬಂದಾಗ ತಾವೇ ಸಂಬಂಧ ಹಚ್ಚುತ್ತಾರೆ. ಅಹಿತವಾದ ಸತ್ಯವನ್ನು ಕಡತದಲ್ಲಿ ಮುಚ್ಚಿಡುವುದು ಸರ್ಕಾರದ ಚಾಳಿ ಮಾತ್ರ ಅಲ್ಲ, ನಮ್ಮ ವೃತ್ತಿಯದೂ ಹೌದು ಎಂದು ಒಪ್ಪಿಕೊಂಡು ಮುಂದೆ ಹೋಗಬೇಕು.

ಈ ಪಾಠದ ದಿನ ನಾರಾಯಣಪೇಟೆ ಕಡೆಯ ವಿದ್ಯಾರ್ಥಿಯೊಬ್ಬ ತರಗತಿ ಮುಗಿದ ಮೇಲೆ ಹಿಂದೆ ಉಳಿದ. ನಾರಾಯಣಪೇಟೆ ತೆಲಂಗಾಣದಲ್ಲಿದ್ದರೂ ಗಡಿಯ ಊರು. ಎಷ್ಟೋ ಮನೆಗಳಲ್ಲಿ ಕನ್ನಡವೇ ಮಾತು. ಆತ ಹೇಳಿದ: “ಸರ, ನಮ್ಮ ಕಾಕಾ ಪೇಪರಿಗೆ ಸುದ್ದಿ ಕೊಡ್ತಾರ. ಪಗಾರ ಇಲ್ರಿ. ವರ್ಷಕ್ಕ ಇಷ್ಟು ಜಾಹೀರಾತು ತರಬೇಕು ಅಂತ ಟಾರ್ಗೆಟ್ ಅದ. ತಂದ್ರ ಕಮಿಷನ್. ಎಮ್ಮೆಲ್ಲೆ ಕಡಿಂದನೇ ಜಾಹೀರಾತು ತಗೋಬೇಕು, ಎಮ್ಮೆಲ್ಲೆ ಮ್ಯಾಲೇನೇ ಸುದ್ದಿ ಬರೀಬೇಕು. ಹ್ಯಾಂಗ ಬರೀಬೇಕು ಹೇಳ್ರಿ?”

1989ರಲ್ಲಿ ‘ಈನಾಡು’ ಜಿಲ್ಲಾ ಆವೃತ್ತಿಗಳನ್ನು ಆರಂಭಿಸಿದಂದಿನಿಂದ ತೆಲುಗು ಪತ್ರಿಕೆಗಳು ಹಳ್ಳಿಗೆ ಹೋದ ವೇಗ ದೊಡ್ಡದು. ಮಂಡಲಕ್ಕೊಬ್ಬ ಸುದ್ದಿಗಾರ ಬಂದ, ಬೋರ್‌ವೆಲ್ ಕೆಟ್ಟದ್ದು, ಶಾಲೆಗೆ ಮಾಸ್ತರಿಲ್ಲದ್ದು ಸುದ್ದಿಯಾಯಿತು. ಹಳ್ಳಿಯ ಜನ ಮೊದಲ ಸಲ ತಮ್ಮ ಊರಿನ ಹೆಸರನ್ನು ಪತ್ರಿಕೆಯಲ್ಲಿ ಕಂಡರು. ಅದು ನಿಜವಾದ ಉಪಕಾರ. ಆದರೆ ಈ ಸುದ್ದಿಜಾಲ ಬೆಳೆದಂತೆ ತೆಲುಗಿನಲ್ಲೂ ಕನ್ನಡದಲ್ಲೂ ಸಂಬಳವಿಲ್ಲದ ಸ್ಟ್ರಿಂಜರುಗಳ ಒಂದು ದೊಡ್ಡ ಪಡೆಯೇ ಹುಟ್ಟಿತು. ಆ ಹುಡುಗನ ಕಾಕಾ ಅವರಲ್ಲಿ ಒಬ್ಬರು. ನಮ್ಮ ಪಠ್ಯಪುಸ್ತಕ ಅವರಿಗೆ ‘ಉಡುಗೊರೆ ಸ್ವೀಕರಿಸಬೇಡಿ’ ಎಂದು ಹೇಳುತ್ತದೆ. ಅವರ ಮನೆಯ ಅಕ್ಕಿ ಎಲ್ಲಿಂದ ಬರಬೇಕು ಎಂದು ಹೇಳುವುದಿಲ್ಲ. ವೃತ್ತಿಧರ್ಮವನ್ನು ಒಬ್ಬ ವರದಿಗಾರನ ಗುಣ ಎಂದಷ್ಟೇ ಕಲಿಸಿದ್ದು ನಮ್ಮ ಶಿಕ್ಷಣದ ದೊಡ್ಡ ಕೊರತೆ. ಅದು ಸಂಸ್ಥೆಯ ಲೆಕ್ಕಪುಸ್ತಕದಲ್ಲೂ ಇರಬೇಕಾದ ಗುಣ.

ಹಾಗಾದರೆ ದಾರಿ ಇಲ್ಲವೇ ಎಂದು ಕೇಳುವ ಮಕ್ಕಳಿಗೆ ನಾನು ಹೇಳುವುದು ಮಾಚನೂರಿನ ಕಥೆ. ಹೈದರಾಬಾದಿನಿಂದ ಮುಂಬಯಿ ಹೆದ್ದಾರಿಯಲ್ಲಿ ನೂರು ಕಿಲೋಮೀಟರಿನಷ್ಟು ಹೋದರೆ ಜಹೀರಾಬಾದ್ ಸೀಮೆ. ಅಲ್ಲಿಂದ ನಮ್ಮ ಬೀದರ ಹತ್ತಿರವೇ. ಅಲ್ಲಿನ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದವರಲ್ಲಿ ಮುಖ್ಯರು ಪಿ.ವಿ. ಸತೀಶ್. ಮೈಸೂರಿನಲ್ಲಿ ಹುಟ್ಟಿದವರು, ದೆಹಲಿಯ ಭಾರತೀಯ ಜನಸಂವಹನ ಸಂಸ್ಥೆಯಲ್ಲಿ ಪತ್ರಿಕೋದ್ಯಮ ಓದಿದವರು, ದೂರದರ್ಶನದಲ್ಲಿ ಗ್ರಾಮೀಣ ಕಾರ್ಯಕ್ರಮಗಳ ನಿರ್ಮಾಪಕರಾಗಿದ್ದವರು. ಆ ಕೆಲಸದ ನಂತರ ಅವರು ತೊಡಗಿಕೊಂಡದ್ದು ಒಣಭೂಮಿಯ ದಲಿತ ಹೆಣ್ಣುಮಕ್ಕಳ ಸಂಘಗಳಲ್ಲಿ. ಜೋಳ, ಸಾಮೆ, ನವಣೆಯ ಬೀಜ ಉಳಿಸುವ ಆ ಹೆಣ್ಣುಮಕ್ಕಳು 1990ರ ದಶಕದಲ್ಲಿ ವಿಡಿಯೋ ಕ್ಯಾಮೆರಾ ಹಿಡಿಯುವುದನ್ನೂ ಕಲಿತರು. ಅವರಲ್ಲಿ ಬಹಳಷ್ಟು ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಮಾಚನೂರಿನಲ್ಲಿ ರೇಡಿಯೋ ಸ್ಟುಡಿಯೋ ಕಟ್ಟಿಕೊಂಡು, ಪರವಾನಗಿ ಇಲ್ಲದೆ ಹತ್ತು ವರ್ಷ ಟೇಪುಗಳನ್ನೇ ಸಂಘದ ಸಭೆಗಳಲ್ಲಿ ಕೇಳಿಸುತ್ತ ಕಾದರು. 2008ರ ಅಕ್ಟೋಬರ್ 15ರಂದು ಅವರ ‘ಸಂಘಂ ರೇಡಿಯೋ’ ಗಾಳಿಗೆ ಬಂತು. ಅದನ್ನು ನಡೆಸಿದವರು ಅಲ್ಗೋಲೆ ನರ್ಸಮ್ಮ ಮತ್ತು ಜನರಲ್ ನರ್ಸಮ್ಮ.

ಕ್ಯಾಮೆರಾ ಕೋನಗಳಿಗೆ ಈ ಹೆಣ್ಣುಮಕ್ಕಳು ತಮ್ಮದೇ ಹೆಸರಿಟ್ಟುಕೊಂಡರು. ಮೇಲಿನಿಂದ ಕೆಳಗೆ ನೋಡುವ ಶಾಟ್ ಪಟೇಲನ ಶಾಟ್. ಪಟೇಲ ಮನೆಯ ಕಟ್ಟೆಯ ಮೇಲೆ ಕೂತು ನೆಲದ ಮೇಲಿನ ಕೂಲಿಯವರನ್ನು ನೋಡುವುದು ಹಾಗೆ. ಕೆಳಗಿನಿಂದ ಮೇಲೆ ನೋಡುವುದು ಜೀತದಾಳಿನ ಶಾಟ್. ಎದುರಿಗಿರುವವರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಹಿಡಿದರೆ ಅದು ಸಂಘದ ಶಾಟ್. ಸಂಘದ ಸಭೆಯಲ್ಲಿ ಎಲ್ಲರೂ ನೆಲದ ಮೇಲೆ ಸುತ್ತ ಕೂರುತ್ತಾರೆ, ಯಾರೂ ಯಾರಿಗಿಂತ ಮೇಲಿಲ್ಲ. ತಮ್ಮ ಚಿತ್ರಗಳಿಗೆ ಅವರು ಬಳಸುತ್ತಿದ್ದುದು ಸಂಘದ ಶಾಟ್.

ನಾನು ಓದಿದ, ಕಲಿಸಿದ ಯಾವ ಸಂಹಿತೆಯೂ ವೃತ್ತಿಧರ್ಮವನ್ನು ಇಷ್ಟು ನಿಚ್ಚಳವಾಗಿ ಹೇಳಿಲ್ಲ. ಇದನ್ನು ಕೈಗೆ ತೆಗೆದುಕೊಂಡು ಹಿಂದಿನದನ್ನೆಲ್ಲ ತಿರುಗಿ ನೋಡಬಹುದು. ಎಲೆನ್ ಡಾನೆಲಿಯನ್ನು 1892ರ ಪತ್ರಿಕೆಗಳು ಪಟೇಲನ ಕಟ್ಟೆಯಿಂದ ನೋಡಿದವು. ಹಳೆಯ ನಗರದ ಹುಡುಗರನ್ನು ನಮ್ಮ ಕಾಲದ ಪತ್ರಿಕೆಗಳು ಪೊಲೀಸ್ ಠಾಣೆಯ ಎತ್ತರದಿಂದ ನೋಡಿದವು. 2009ರಲ್ಲಿ ಹಣ ಕೊಟ್ಟ ಅಭ್ಯರ್ಥಿಯನ್ನು ಜೀತದಾಳಿನಂತೆ ಕೆಳಗಿನಿಂದ ನೋಡಿದವು. ಶೋಯೆಬುಲ್ಲಾ ಖಾನ್ ಮಾತ್ರ ಕೋವಿ ಹಿಡಿದವರ ಕಣ್ಣಿಗೆ ಕಣ್ಣಿಟ್ಟು ನೋಡಿದರು. ಸತೀಶ್ 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಹೈದರಾಬಾದಿನ ಎಷ್ಟೋ ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ಅವರ ಹೆಸರೇ ಗೊತ್ತಿಲ್ಲದಿರುವುದು ನನಗೆ ನೋವಿನ ಸಂಗತಿ.

ಈಗಿನ ಮಕ್ಕಳಿಗೆ ತಮ್ಮ ಕಣ್ಣೆದುರೇ ನಡೆದದ್ದು 2019ರ ಪ್ರಕರಣ. ನವೆಂಬರ್ 27ರ ರಾತ್ರಿ ಶಂಶಾಬಾದ್ ಬಳಿ ಯುವ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ, ಕೊಲೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡಬಾರದೆಂದು ಕಾಯ್ದೆಯಿದೆ. ಸತ್ತ ಮೇಲೂ ಅದು ಅನ್ವಯವಾಗುತ್ತದೆಂದು ಒಂದು ವರ್ಷ ಮೊದಲಷ್ಟೇ ಸುಪ್ರೀಂ ಕೋರ್ಟು ಹೇಳಿತ್ತು. ಆದರೂ ಆಕೆಯ ಹೆಸರು, ಫೋಟೋ ಎಲ್ಲ ಕಡೆ ಹರಿದಾಡಿತು. ‘ದಿಶಾ’ ಎಂದು ಕರೆಯಿರಿ ಎಂದು ಪೊಲೀಸರು ಕೇಳಿಕೊಂಡದ್ದು ಆಮೇಲೆ. ಡಿಸೆಂಬರ್ 6ರ ನಸುಕಿನಲ್ಲಿ ನಾಲ್ವರು ಆರೋಪಿಗಳನ್ನು ಚಟಾನ್‌ಪಲ್ಲಿಯಲ್ಲಿ ಪೊಲೀಸರು ಗುಂಡಿಟ್ಟು ಕೊಂದರು. ಜನ ಪೊಲೀಸರ ಮೇಲೆ ಹೂವು ಚೆಲ್ಲಿದರು, ಎಷ್ಟೋ ಸ್ಟುಡಿಯೋಗಳಲ್ಲಿ ನ್ಯಾಯ ಸಿಕ್ಕಿತು ಎಂದರು. ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂದಾಗ, ಪೊಲೀಸರ ಕಥೆ ನಂಬುವಂಥದಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ, ಸತ್ತವರಲ್ಲಿ ಮೂವರು ಅಪ್ರಾಪ್ತರು ಎಂದಿತ್ತು.

ಪರೀಕ್ಷೆಯಲ್ಲಿ ‘ಪತ್ರಿಕಾ ಮಂಡಳಿಯ ಸೂತ್ರಗಳನ್ನು ಬರೆಯಿರಿ’ ಎಂಬ ಪ್ರಶ್ನೆಯನ್ನು ನಾನು ಕೈಬಿಟ್ಟಿದ್ದೇನೆ. ಅದರ ಬದಲು ಆ ಡಿಸೆಂಬರ್ 6ರ ಒಂದು ವರದಿ ಕೊಟ್ಟು ನಾಲ್ಕು ಪ್ರಶ್ನೆ ಕೇಳುತ್ತೇನೆ. ಈ ವರದಿಗಾರ ಯಾರ ಎತ್ತರದಲ್ಲಿ ನಿಂತಿದ್ದಾನೆ? ಯಾರನ್ನು ಕೇಳಿಲ್ಲ? ಕೇಳಲು ಎಷ್ಟು ಹೊತ್ತು ಬೇಕಾಗುತ್ತಿತ್ತು? ಇದನ್ನು ಹೀಗೆ ಬರೆದದ್ದರಿಂದ ಲಾಭ ಯಾರಿಗೆ? ಮಕ್ಕಳು ಚೆನ್ನಾಗಿ ಬರೆಯುತ್ತಾರೆ. ಕಲಿಯುವ ಮನಸ್ಸು, ಕನಿಕರ, ಧೈರ್ಯ ಮೂರೂ ಅವರಲ್ಲಿವೆ. ಇಷ್ಟು ವರ್ಷ ಕಲಿಸಿ ಅದರಲ್ಲಿ ನನಗೆ ಸಂಶಯ ಉಳಿದಿಲ್ಲ.

ನನ್ನ ಬೇಡಿಕೆ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುವವರ ಹತ್ತಿರ. ಹೊಸಬರಿಗೆ ನೀತಿಯಿಲ್ಲ, ಕಾಲೇಜಿನಲ್ಲಿ ಸರಿಯಾಗಿ ಕಲಿಸುತ್ತಿಲ್ಲ ಎಂದು ವೇದಿಕೆಗಳಲ್ಲಿ ಹೇಳುವ ಪತ್ರಿಕೆ, ಚಾನೆಲ್ಲುಗಳ ಮಾಲೀಕರು ಮೊದಲು ತಾಲ್ಲೂಕು, ಮಂಡಲದ ಸುದ್ದಿಗಾರನಿಗೆ ತಿಂಗಳ ಪಗಾರ ಕೊಡಲಿ. ಸುದ್ದಿ ತರುವವನ ಕೈಗೆ ಜಾಹೀರಾತಿನ ರಸೀದಿ ಪುಸ್ತಕ ಕೊಡುವುದನ್ನು ನಿಲ್ಲಿಸಲಿ. ಕಾಸು ಪಡೆದು ಹಾಕಿದ್ದನ್ನು ಜಾಹೀರಾತು ಎಂದೇ ಛಾಪಿಸಲಿ. ಆಗ ನಾರಾಯಣಪೇಟೆಯ ಆ ಹುಡುಗ ತನ್ನ ಊರಿನ ಎಮ್ಮೆಲ್ಲೆಯ ಎದುರು ಸರಿಸಮನಾಗಿ ನಿಂತು ಪ್ರಶ್ನೆ ಕೇಳುತ್ತಾನೆ. ಕೇಳುವುದು ಹೇಗೆಂದು ಅವನಿಗೆ ನಾವು ಕಲಿಸಿಯೇ ಕಳಿಸಿದ್ದೇವೆ.